ಎರಡು ತೊಲೆಯ ಮೀನಿಗೆ ಹುಳದ ಔಷಧ

ಮೊನ್ನೆ ನನ್ನ ಮಗಳು ಶಾಲೆಯಿಂದ ಬಂದವಳೇ ಪಾಟಿಚೀಲ ಬಿಸಾಕಿ, ನಾಲಿಗೆ ಚಾಚಿ ನನ್ನೆದುರು ನಿಂತಳು. ಶಾಲೆಯಲ್ಲಿ ಜಂತುಹುಳದ ಗುಳಿಗೆ ಕೊಟ್ಟಿದ್ದರಂತೆ. ಅಗಿದು ತಿನ್ನುವ ಗುಳಿಗೆ, ಅದೂ ಸಿಹಿ. ಇನ್ನೊಂದು ಕೇಳಿದರೆ ಕೊಡಲಿಲ್ಲವೆಂದು ಅವಳ ತಕರಾರು. ಹುಳದ ಔಷಧವನ್ನು ಇನ್ನೊಂದು ಬೇಕೆಂದು ಬೇಡುವ ಕಾಲವೂ ಬಂತಲ್ಲ ಎಂದು ನಾನು ಅವಳ ಮುಖವನ್ನೇ ನೋಡುತ್ತ ಕುಳಿತೆ.

ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಸ್ವಾಮಿ. ರಾಮದುರ್ಗದ ನಮ್ಮ ತವರುಮನೆಯಲ್ಲಿ ಬೇಸಿಗೆ ರಜೆಯ ಒಂದು ರವಿವಾರವನ್ನು ಅಜ್ಜಿ ಮಕ್ಕಳ ಹೊಟ್ಟೆ ತೊಳೆಯುವುದಕ್ಕೆಂದೇ ಮೀಸಲಿಟ್ಟಿದ್ದಳು. ನಸುಕಿನಲ್ಲೇ ಎಬ್ಬಿಸಿ ಸಾಲಾಗಿ ಕೂರಿಸಿ, ಮೂಗು ಹಿಡಿದು, ಬಿಸಿ ಚಹಾದಲ್ಲಿ ಬೆರೆಸಿದ ಔಡಲೆಣ್ಣೆಯನ್ನು ಗಂಟಲಿಗೆ ಸುರಿಯುತ್ತಿದ್ದಳು. ಆ ಚಹಾದ ನೆನಪಾದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಮಕ್ಕಳು ಹಲವರು, ಹಿತ್ತಲಿನಲ್ಲಿ ಪಾಯಖಾನೆ ಒಂದೇ. ಆ ದಿನ ಅಣ್ಣತಂಗಿಯರ ಪ್ರೀತಿ ವಾತ್ಸಲ್ಯ ಯಾವುದೂ ಉಳಿಯುತ್ತಿರಲಿಲ್ಲ. ಹುಳ ಆಗುವುದಕ್ಕೆ ಅಜ್ಜಿಯ ಪ್ರಕಾರ ಕಾರಣ ಒಂದೇ, ಬೆಲ್ಲ. ಮೂಗು ತುರಿಸಿಕೊಂಡರೆ, ನಿದ್ದೆಯಲ್ಲಿ ಹಲ್ಲು ಕಡಿದರೆ, ಲೆಕ್ಕ ತಪ್ಪು ಮಾಡಿದರೆ ಕೂಡ 'ಬೆಲ್ಲ ತಿಂದು ಹುಳ ಆಗ್ಯಾವ' ಎಂದು ಅವಳ ತೀರ್ಪು.

ಆದರೆ ನಾನು ಹೇಳಹೊರಟದ್ದು ನನ್ನ ಹೊಟ್ಟೆಯ ವಿಚಾರವಲ್ಲ, ಒಂದು ಮೀನಿನ ಹೊಟ್ಟೆಯ ವಿಚಾರ. ಮೀನಿಗೂ ಹುಳ ಆಗುತ್ತವೆಯೇ ಎಂದು ಕೇಳಬೇಡಿ. ಆಗುತ್ತವೆ. ನಮ್ಮ ಮನೆಯ ಮೀನಿಗೆ ಆಗಿದ್ದವೆಂದು ನನ್ನ ಗಂಡನ ಊರು ಸವದತ್ತಿ ಇಡಿಯಾಗಿ ನಂಬಿತ್ತು.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನನ್ನ ಮದುವೆಯಾಯಿತು. ತವರಿನಲ್ಲಿ ನನ್ನದೊಂದು ಗೋಲ್ಡ್ ಫಿಶ್ ಇತ್ತು. ನಾನು ಕಾಲೇಜಿನಲ್ಲಿದ್ದಾಗ ಅಪ್ಪ ಹುಬ್ಬಳ್ಳಿಯಿಂದ ಗಾಜಿನ ತೊಟ್ಟಿ, ಒಂದು ಹಿಡಿ ಬಣ್ಣದ ಹರಳು, ಒಂದಿಷ್ಟು ಮೀನು ತಂದುಕೊಟ್ಟಿದ್ದರು. ಉಳಿದವು ಒಂದೊಂದಾಗಿ ಕಣ್ಮುಚ್ಚಿದರೂ ಇದೊಂದು ಗಟ್ಟಿಗಿತ್ತಿ ಉಳಿದಿತ್ತು. ಅದನ್ನು ಬಿಟ್ಟು ನಾನು ಗಂಡನ ಮನೆಗೆ ಹೋಗುವುದಿಲ್ಲವೆಂದು ಹಟ ಹಿಡಿದೆ. ಕೊನೆಗೆ ಪಾತ್ರೆ ಪಡಗಗಳ ಜೊತೆ ತೊಟ್ಟಿಯನ್ನು ಕೌದಿಯಲ್ಲಿ ಸುತ್ತಿ ಟೆಂಪೋಗೆ ಹಾಕಿದರು. ಮೀನನ್ನು ನಾನೇ ಒಂದು ಹಿತ್ತಾಳೆ ಕೊಡದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಸವದತ್ತಿಯ ಮನೆಯ ಹೊಸ್ತಿಲಲ್ಲಿ ಆರತಿ ಎತ್ತಿದ ಅತ್ತೆ, ಸೊಸೆ ಭಕ್ತಿಯಿಂದ ಗಂಗೆ ತಂದಿದ್ದಾಳೆಂದು ಕೊಡದೊಳಗೆ ಕೈ ಅದ್ದಿ ತಲೆಗೆ ಪ್ರೋಕ್ಷಿಸಿಕೊಳ್ಳಲು ಹೋದರು. ಒಳಗಿನಿಂದ ಯಾರೋ ಬೆರಳಿಗೆ ಮುತ್ತಿಕ್ಕಿದಂತಾಯಿತು.

"ಅಯ್ಯ ನಮ್ಮವ್ವ! ಇದರಾಗ ಏನೋ ಅದ!" ಎಂದು ಅತ್ತೆ ಹಿಂದಕ್ಕೆ ಹಾರಿದರು. ಆರತಿ ತಟ್ಟೆ ಸೇರಕ್ಕಿಯ ಮೇಲೆ ಬಿತ್ತು. ನಾನು ಒದೆಯುವ ಮೊದಲೇ ಸೇರು ಉರುಳಿತು. ಗೃಹಪ್ರವೇಶದ ಫೋಟೋಗಳಲ್ಲಿ ಎಲ್ಲರೂ ಕೆಳಗೆ ಬಗ್ಗಿ ಏನನ್ನೋ ಹುಡುಕುತ್ತಿದ್ದಾರೆ.

ನಮ್ಮದು ಪಂಚಾಂಗ ಹೇಳುವ ಮನೆತನ. ಮಾವ ನಿವೃತ್ತ ಸಂಸ್ಕೃತ ಮಾಸ್ತರರು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಆ ಮನೆಯ ಹೊಸ್ತಿಲು ದಾಟಿದ್ದಿಲ್ಲ. ಅಂಥಲ್ಲಿ 'ಮಾಸ್ತರರ ಸೊಸಿ ಬರೂಮುಂದ ಮೀನ ತಂದಾಳಂತ' ಎಂಬ ಸುದ್ದಿ ಓಣಿಯಲ್ಲಿ ಹಬ್ಬಿತು. ಹಾಲು ಹಾಕುವವನು ಎರಡು ದಿನ ಬಾಗಿಲ ಹೊರಗೇ ನಿಂತು ಮೂಗು ಅರಳಿಸಿ ಗಾಳಿ ನೋಡಿ ಹೋದ. ನನ್ನ ಮರ್ಯಾದೆ ಉಳಿಸಿದವರು ಮಾವ. "ದಶಾವತಾರದಾಗ ಮೊದಲನೇದ್ದು ಯಾವುದು? ಮತ್ಸ್ಯ. ಮನ್ಯಾಗ ದೇವರು ಈಸಲಿಕ್ಕತ್ತಾನ ಅಂತ ತಿಳಕೊಳ್ರಿ," ಎಂದು ತೊಟ್ಟಿಯ ಗಾಜಿಗೆ ಒಂದು ಬೊಟ್ಟು ಕುಂಕುಮ ಹಚ್ಚಿ ಪಡಸಾಲೆಯ ಕಿಟಕಿಯ ಪಕ್ಕ ಇಡಿಸಿದರು.

ಆಮೇಲೆ ಹೆಸರಿನ ತೊಡಕು ಎದ್ದಿತು. ತವರಿನಲ್ಲಿ ನಾವು ಮೀನನ್ನು ಪದ್ದಿ ಎಂದು ಕರೆಯುತ್ತಿದ್ದೆವು. ಅತ್ತೆಯ ಹೆಸರು ಪದ್ಮಾವತಿಬಾಯಿ ಎಂದು ಲಗ್ನಪತ್ರಿಕೆಯಲ್ಲಿ ಓದಿದ್ದೆನಾದರೂ ಮಾವ ಅವರನ್ನು ಪದ್ದಿ ಎಂದೇ ಕರೆಯುತ್ತಾರೆಂದು ಪತ್ರಿಕೆಯಲ್ಲಿ ಎಲ್ಲಿ ಹಾಕುತ್ತಾರೆ? ಮರುದಿನ ಬೆಳಿಗ್ಗೆ ನಾನು ತೊಟ್ಟಿಗೆ ಬಗ್ಗಿ, "ಪದ್ದೀ, ಏಳವಾ ಸೋಮಾರಿ" ಎಂದದ್ದೂ, ಅಡುಗೆಮನೆಯಿಂದ ಅತ್ತೆ ಸಟುಗ ಹಿಡಿದು ಹೊರಬಂದದ್ದೂ ಒಟ್ಟಿಗೇ ಆಯಿತು. ನಮ್ಮ ಕಡೆ ಮದುವೆಯಲ್ಲಿ ಅಕ್ಕಿಯ ಮೇಲೆ ಬರೆದು ಸೊಸೆಯ ಹೆಸರು ಬದಲಿಸುತ್ತಾರೆ. ನನ್ನ ಸುಧಾ ಎಂಬ ಹೆಸರು ಹಾಗೇ ಉಳಿಯಿತು. ಮೀನಿನ ಹೆಸರು ಮಾತ್ರ ಗಂಗಿ ಎಂದಾಯಿತು.

ಅತ್ತೆಗೆ ಗಂಗಿಯನ್ನು ಕಂಡರಾಗುವುದಿಲ್ಲವೆಂದು ನಾನು ಆಗಲೇ ತೀರ್ಮಾನಿಸಿಬಿಟ್ಟೆ. ಅದಕ್ಕೆ ಸಾಕ್ಷಿಯೂ ಇತ್ತು. ಮೀನಿನ ಕಾಳಿನ ಪೊಟ್ಟಣದ ಮೇಲೆ ಸೀಗಡಿಯ ಚಿತ್ರವಿರುವುದನ್ನು ನೋಡಿದ ದಿನವೇ ಅದನ್ನು ಮನೆಯೊಳಗೆ ಇಡಕೂಡದೆಂದು ಅಪ್ಪಣೆಯಾಯಿತು. ಪೊಟ್ಟಣ ಹಿತ್ತಲಿನ ಕಟ್ಟಿಗೆ ಗೂಡಿಗೆ ಹೋಯಿತು. ನಾನು ದಿನಕ್ಕೆರಡು ಸಲ ಹಿತ್ತಲಿಗೆ ಹೋಗಿ ಎರಡು ಚಿಟಿಕೆ ಕಾಳು ತಂದು ಹಾಕಿ, ಬಾವಿಯ ಹತ್ತಿರ ಮೊಣಕೈತನಕ ತೊಳೆದುಕೊಂಡು ಒಳಗೆ ಬರಬೇಕು. ಅತ್ತೆ ಕಿಟಕಿಯ ಪಕ್ಕ ಕುಳಿತು ಹೂಬತ್ತಿ ಹೊಸೆಯುತ್ತ ಕೆಳದನಿಯಲ್ಲಿ, "ಎಲ್ಲಿ ಪೀಡಾ ತಂದು ಹಚ್ಚಿದ್ಯವಾ ನಮಗ," ಎನ್ನುವರು. ಹೊಸ ಮನೆಯಲ್ಲಿ ನನ್ನದೆಂದು ಹೇಳಿಕೊಳ್ಳಲು ಇದ್ದದ್ದು ಅದೊಂದೇ ಜೀವ. ರಾತ್ರಿ ಹಗಲು ಅದೇ ಚಿಂತೆ: ಅದಕ್ಕೇನಾದರೂ ಆದರೆ ತವರಿನದು ಏನೂ ಉಳಿಯುವುದಿಲ್ಲ, ಅತ್ತೆಗಂತೂ ನೆಮ್ಮದಿ.

ಆಷಾಢ ಮುಗಿಯುವ ಹೊತ್ತಿಗೆ ಗಂಗಿಗೆ ಏನೋ ಆಯಿತು. ಹೊಟ್ಟೆ ಉಬ್ಬಿತು. ಕಾಳು ಹಾಕಿದರೆ ಮೂತಿ ತಿರುಗಿಸತೊಡಗಿತು. ಎಲ್ಲಕ್ಕಿಂತ ಘೋರವಾದದ್ದು ಅದರ ಹಿಂದೆ ತೂಗುತ್ತಿದ್ದ ಬಿಳಿಯ ದಾರ. ಗೇಣುದ್ದದ, ತೆಳ್ಳನೆಯ ದಾರವನ್ನು ಎಳೆದುಕೊಂಡು ಅದು ತೊಟ್ಟಿಯ ತುಂಬ ಗಾಳಿಪಟದಂತೆ ಓಡಾಡುತ್ತಿತ್ತು. ಮೀನಿನ ಹಿಂದೆ ಬಿಳಿ ದಾರ ಕಂಡರೆ ಹೊಟ್ಟೆಯಲ್ಲಿ ಹುಳ ಎಂದು ಹುಬ್ಬಳ್ಳಿಯ ಅಂಗಡಿಯವನು ಹಿಂದೆಯೇ ಅಪ್ಪನಿಗೆ ಹೇಳಿದ್ದ.

ಅತ್ತೆ ಬಂದು ನೋಡಿದರು. ಅವರ ಮುಖ ಒಮ್ಮೆಲೇ ಬಿಳಿಚಿಕೊಂಡಿತು.

"ಹುಳ ಆಗ್ಯಾವ," ಎಂದರು.

"ಹೆಂಗ ಹೇಳತೀರಿ ಅತ್ತ್ಯಾರ?"

"ಹೆಂಗಂದ್ರ? ನಾಕ ಮಕ್ಕಳ ಹಡದಾಕಿ ನಾ. ಇಷ್ಟು ತಿಳೀದಿಲ್ಲೇನು?" ಎಂದು ಸರಸರ ಒಳಗೆ ಹೋದರು. ಬರುವಾಗ ಕೈಯಲ್ಲಿ ಬಜೆ ಬೇರು, ತೇಯುವ ಕಲ್ಲು. ನನ್ನ ಗಂಡ ಅಡ್ಡ ನಿಂತು, "ಅವ್ವಾ, ಅದೇನು ಕೂಸೇನು, ಬಜಿ ತೇದು ಒಳಲಿಲೆ ಕುಡಸಲಿಕ್ಕೆ?" ಎಂದು ನಕ್ಕರು. ಇವರು ಕಚೇರಿಯಲ್ಲಿ ಗುಮಾಸ್ತರು, ಎಲ್ಲವನ್ನೂ ಯೋಗ್ಯ ಮಾರ್ಗದಲ್ಲಿ ಕಳಿಸಬೇಕೆನ್ನುವವರು. ಪ್ರಾಣಿಯ ರೋಗಕ್ಕೆ ಪ್ರಾಣಿಗಳ ವೈದ್ಯರು ಎಂದು ಮರುದಿನ ಗಂಗಿಯನ್ನು ಮೂರು ತಾಳಿನ ಊಟದ ಡಬ್ಬಿಯ ಕೆಳಗಿನ ತಾಳಿನಲ್ಲಿ ಹಾಕಿಕೊಂಡು ದನದ ದವಾಖಾನೆಗೆ ಹೊರಟರು. ಹಿಂದೆ ನಾನೂ ಹೊರಟೆ.

ಅಲ್ಲಿ ಎಮ್ಮೆಗಳ ಸರದಿ. ನಮ್ಮ ಮುಂದಿದ್ದ ಒಬ್ಬ ರೈತ ಡಬ್ಬಿಯನ್ನೇ ಬಹಳ ಹೊತ್ತು ನೋಡಿ, "ಡಾಕ್ಟರಿಗೆ ಊಟ ತಂದೀರೇನ್ರಿ?" ಎಂದು ಕೇಳಿದ. ಇವರು ಮುಚ್ಚಳ ತೆಗೆದು ತೋರಿಸಿದರು. ಅವನು ಇಣುಕಿ ನೋಡಿ, "ಇನ್ನೂ ಜೀವ ಐತಲ್ರಿ! ಸ್ವಲ್ಪ ಬೇಯಿಸಿರ ತರಬೇಕಿಲ್ರಿ," ಎಂದ.

ಡಾಕ್ಟರು ಒಳ್ಳೆಯವರು. ನಗಲಿಲ್ಲ. ನಕ್ಕರೂ ಮುಖ ಆಚೆ ಮಾಡಿ ನಕ್ಕರು. ಡಬ್ಬಿಯನ್ನು ಬೆಳಕಿಗೆ ಹಿಡಿದು ದಾರ ನೋಡಿ, "ಲಕ್ಷಣ ನೋಡಿದ್ರ ಹುಳ ಅಂತನ ಅನಸ್ತೈತ್ರಿ. ಆದ್ರ ನಮ್ಮ ಹತ್ರ ಇರೋದು ಕುರಿಗೆ ಹಾಕೋ ಔಷಧ. ಅದನ್ನ ತೂಕದ ಮ್ಯಾಲ ಕೊಡತೇವ್ರಿ. ಇದರ ತೂಕ ಎಷ್ಟ?" ಎಂದರು.

ದವಾಖಾನೆಯ ತಕ್ಕಡಿಯಲ್ಲಿ ಗಂಗಿಯನ್ನು ಇಟ್ಟರೆ ಮುಳ್ಳು ಅಲುಗಾಡುವುದೂ ಇಲ್ಲ. ಕಿರಾಣಿ ಅಂಗಡಿಯ ತಕ್ಕಡಿ ಅದಕ್ಕೆ ಸಾಕಾಗದು. ಇಡೀ ಊರಿನಲ್ಲಿ ಇಂಥ ಜೀವವನ್ನು ತೂಗಬಲ್ಲ ತಕ್ಕಡಿ ಇದ್ದದ್ದು ಒಂದೇ ಕಡೆ. ನನ್ನ ತಾಳಿ ಮಾಡಿಕೊಟ್ಟ ಮೌನೇಶಪ್ಪ ಪತ್ತಾರರ ಅಂಗಡಿಯಲ್ಲಿ.

ಪತ್ತಾರರು ನಮ್ಮನ್ನು ಕಂಡು ಸಂತೋಷಪಟ್ಟರು. ಮದುವೆಯಾಗಿ ವರ್ಷ ತುಂಬುವ ಮೊದಲೇ ಹೆಂಡತಿಯನ್ನು ಕರೆದುಕೊಂಡು ಬಂದಿದ್ದಾರೆಂದರೆ ಪಾಟ್ಲಿಯೋ ಬಿಲ್ವಾರವೋ ಬಳೆ ಮಾಡಿಸಲಿಕ್ಕೆಂದು ಅವರ ಎಣಿಕೆ. ಬಿಳಿಯ ಗಾದಿಯ ಮೇಲೆ ಕೂರಿಸಿ, ಚಹಾ ಹೇಳಿ, "ತೋರಸ್ರಿ, ಹಳೇದೇನು ತಂದೀರಿ?" ಎಂದರು. ಇವರು ಡಬ್ಬಿ ಮುಂದಿಟ್ಟರು.

ಪತ್ತಾರರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. "ಸಾವಕಾರ್ರ, ಇದು ಅಲುಗಾಡಾಕತ್ತೈತಿ," ಎಂದರು. ಸಂಗತಿ ತಿಳಿದ ಮೇಲೆ ಅವರ ಕಸುಬಿನ ಗತ್ತು ಎಚ್ಚರವಾಯಿತು. ಬಟ್ಟಲಿನಲ್ಲಿ ನೀರು ಹಾಕಿ ಮೊದಲು ಅದನ್ನು ತೂಗಿ, ಆಮೇಲೆ ಗಂಗಿಯನ್ನು ಬಿಟ್ಟು ತೂಗಿದರು. ಗಾಳಿ ತಾಗಬಾರದೆಂದು ಫ್ಯಾನು ಬಂದ್ ಮಾಡಿಸಿದರು. ನಾವು ಉಸಿರು ಬಿಡಬಾರದೆಂದರು. ಗಂಗಿಗೆ ಇದೆಲ್ಲ ಏನು ಗೊತ್ತು? ಬಾಲದಿಂದ ಒಮ್ಮೆ ಪಟ್ಟನೆ ಹೊಡೆದು ಪತ್ತಾರರ ಕನ್ನಡಕ ತೊಳೆಯಿತು. ಬಳೆ ನೋಡಲು ಬಂದಿದ್ದ ಒಂದು ಕುಟುಂಬ ಬಳೆ ಬಿಟ್ಟು ಇದನ್ನೇ ಸುತ್ತುವರಿದು ನಿಂತಿತು. ಅವರಲ್ಲೊಬ್ಬಾಕೆ ನನ್ನ ಕಿವಿಯಲ್ಲಿ, "ಇಂಥಾದು ಜೋಡಿ ಸಿಗತಾವೇನ್ರಿ?" ಎಂದು ಕೇಳಿದಳು.

"ಎರಡ ತೊಲಿ, ಮ್ಯಾಲ ನಾಕ ಗುಂಜಿ," ಎಂದು ಪತ್ತಾರರು ಗಂಭೀರವಾಗಿ ಘೋಷಿಸಿದರು. ಹೊಳಪು ನೋಡಿ, "ಬಣ್ಣ ಭಾರೀ ಐತ್ರಿ. ನಮ್ಮಲ್ಲಿ ಇಷ್ಟು ಬರಂಗಿಲ್ಲ," ಎಂದೂ ಸೇರಿಸಿದರು.

ತೂಕದ ಚೀಟಿ ಹಿಡಿದು ದವಾಖಾನೆಗೆ ಹೋದಾಗ ಡಾಕ್ಟರು ಲೆಕ್ಕ ಹಾಕಿದರು. ಒಂದು ಕುರಿಯ ಔಷಧದಲ್ಲಿ ಗಂಗಿಯಂಥವರ ಒಂದು ಊರೇ ಸುಧಾರಿಸಬಹುದಿತ್ತು. ಒಂದು ಹನಿಯನ್ನು ತಂಬಿಗೆ ನೀರಿಗೆ ಹಾಕಿ, ಅದರಿಂದ ಒಂದೇ ಹನಿ ತೆಗೆದು ಅದರಲ್ಲಿ ಕಾಳು ನೆನೆಸಿ ಕೊಡಬೇಕೆಂದರು. ಆಮೇಲೆ ತಲೆ ಕೆರೆದುಕೊಂಡು, "ತಿನ್ನವಲ್ದು ಅಂದ್ರ ಬಳ್ಳೊಳ್ಳಿ ರಸ ಹಚ್ಚಿ ಹಾಕ್ರಿ. ಆ ವಾಸನಿಗೆ ಮೀನ ಓಡಿ ಬರ್ತಾವು," ಎಂದರು.

ಬೆಳ್ಳುಳ್ಳಿ! ನನಗೆ ಅಲ್ಲೇ ಅಳು ಬಂತು. ದಾರಿಯುದ್ದಕ್ಕೂ ಮನೆಯಲ್ಲಿ ಇದನ್ನು ಹೇಗೆ ಹೇಳುವುದೆಂದು ಮಾತು ಜೋಡಿಸುತ್ತ ಬಂದೆ. ಸೀಗಡಿಯ ಚಿತ್ರಕ್ಕೇ ಅಷ್ಟು ಮಾಡಿದವರು ಬೆಳ್ಳುಳ್ಳಿಗೆ ನನ್ನನ್ನೇ ಕಟ್ಟಿಗೆ ಗೂಡಿಗೆ ಕಳಿಸಿಯಾರು. ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಇವರು ವಿಷಯ ಹೇಳಿದರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

"ಔಷಧಕ್ಕ ದೋಷ ಇಲ್ಲ. ತಗೊಂಡು ಬಾ," ಎಂದರು.

ಮಾವ ಓದುತ್ತಿದ್ದ ಪುಸ್ತಕ ಕೆಳಗಿಟ್ಟರು. ಇವರು ಚಪ್ಪಲಿ ಬಿಚ್ಚುವುದನ್ನು ನಿಲ್ಲಿಸಿದರು. ಆ ಮನೆಯಲ್ಲಿ ನಾಲ್ಕು ತಲೆಮಾರಿನಿಂದ ಆಗದಿದ್ದದ್ದು ಅಂದು ಆಯಿತು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಎಸಳು ಬೆಳ್ಳುಳ್ಳಿಯನ್ನು ಜಜ್ಜಲಾಯಿತು. ಅತ್ತೆ ಮೂಗಿಗೆ ಸೆರಗು ಒತ್ತಿ ಹಿಡಿದು, ದೂರದಿಂದ, "ಛಲೋ ಜಜ್ಜು, ರಸ ಬಿಡಲಿ," ಎಂದು ಹೇಳುತ್ತಿದ್ದರು. ನಾನು ಔಷಧದ ಹನಿ ಹಾಕಿ, ರಸ ಹಚ್ಚಿ, ಕಾಳನ್ನು ತೊಟ್ಟಿಗೆ ಬಿಟ್ಟೆ. ಗಂಗಿ ಬಂದು ಮೂಸಿ ನೋಡಿತು. ಆಚಾರವಂತರ ಮನೆಯ ಮೀನು ತಾನೆಂಬಂತೆ ಮೂತಿ ತಿರುಗಿಸಿ ಹೋಯಿತು.

ಪ್ರತಿದಿನ ಇದೇ ಪಾಡು. ಕಾಳು ತಳ ಸೇರುವುದು, ನಾನು ಅಳುತ್ತ ಅದನ್ನು ಗೋರಿ ತೆಗೆಯುವುದು. ಬಿಳಿ ದಾರ ಮಾತ್ರ ನಿಲ್ಲಲಿಲ್ಲ. ಏನನ್ನೂ ತಿನ್ನದ ಪ್ರಾಣಿಯ ಹೊಟ್ಟೆ ಉಬ್ಬಿಯೇ ಇದೆಯೆಂದರೆ ಒಳಗೆ ಇರುವುದೆಲ್ಲ ಹುಳವೇ ಎಂದು ನನಗೆ ಖಾತ್ರಿಯಾಯಿತು. ಅಷ್ಟರಲ್ಲಿ ನಾಗರಪಂಚಮಿ ಹತ್ತಿರ ಬಂತು. ಹೊಸ ಮದುವಣಗಿತ್ತಿಯನ್ನು ಕರೆದೊಯ್ಯಲು ಅಣ್ಣ ಬರುತ್ತೇನೆಂದು ಹೇಳಿ ಕಳಿಸಿದ. ನಾನು ಬರುವುದಿಲ್ಲವೆಂದೆ. ನಾನು ಅತ್ತ ಹೋದರೆ ಇತ್ತ ಗಂಗಿಯನ್ನು ಬಾವಿಗೆ ಬಿಟ್ಟುಬಿಡುತ್ತಾರೆಂದು ನನ್ನ ಹೆದರಿಕೆ. ಇವರಿಗೆ ಹಾಗೆಂದು ಹೇಳಿದರೆ ನಂಬಲಿಲ್ಲ. "ನಮ್ಮವ್ವ ಅಂಥಾಕಿ ಅಲ್ಲ," ಎಂದರು. ಎಲ್ಲ ಗಂಡಂದಿರೂ ಹಾಗೇ ಹೇಳುತ್ತಾರೆ.

ಒಂದು ಮಧ್ಯಾಹ್ನ ಊಟವಾಗಿ ಎಲ್ಲರೂ ಮಲಗಿದ್ದರು. ನನಗೆ ಜೊಂಪು ಹತ್ತಿತ್ತು. ಪಡಸಾಲೆಯಿಂದ ಯಾರೋ ಪಿಸುಗುಡುವುದು ಕೇಳಿಸಿತು. ಎದ್ದು ಬಾಗಿಲ ಸಂದಿಯಿಂದ ನೋಡಿದೆ.

ಅತ್ತೆ ತೊಟ್ಟಿಯ ಮುಂದೆ ಕುಳಿತಿದ್ದರು. ತೊಡೆಯ ಮೇಲೆ ಬೆಳ್ಳಿಯ ಬಟ್ಟಲು, ಕೃಷ್ಣಾಷ್ಟಮಿಗೆ ನೈವೇದ್ಯಕ್ಕಿಡುವಂಥದು. ಬಟ್ಟಲಿನಿಂದ ಬೇಯಿಸಿದ ಶಾವಿಗೆಯ ಒಂದು ಎಳೆಯನ್ನು ಎರಡೇ ಬೆರಳಲ್ಲಿ ಎತ್ತಿ ನೀರಿಗೆ ಇಳಿಬಿಡುತ್ತಿದ್ದರು. ಗಂಗಿ ನೆಟ್ಟಗೆ ನಿಂತು ಬಾಯಿ ತೆರೆದು ಅದನ್ನು ಸುರುಸುರು ಒಳಗೆಳೆದುಕೊಳ್ಳುತ್ತಿತ್ತು. ಇತ್ತ ಒಂದು ಎಳೆ ಒಳಗೆ ಹೋಗುತ್ತಿದ್ದಂತೆ ಅತ್ತ ನಿನ್ನೆಯ ಎಳೆ ಹೊರಗೆ ತೂಗುತ್ತಿತ್ತು.

"ತಿನ್ನವಾ, ತಿನ್ನು. ಬೆಲ್ಲಾ ಹಾಕಿಲ್ಲ ಇವತ್ತೂ. ಆಣಿ ಮಾಡಿ ಹೇಳತೇನಿ," ಎನ್ನುತ್ತಿದ್ದರು ಅತ್ತೆ. ಅವರ ಕಣ್ಣಲ್ಲಿ ನೀರಿತ್ತು.

ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ಬೆಚ್ಚಿ ತಿರುಗಿದರು. ಬಟ್ಟಲನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಳ್ಳಲು ಹೋಗಿ ಶಾವಿಗೆಯನ್ನೆಲ್ಲ ಮಡಿಲಿಗೆ ಚೆಲ್ಲಿಕೊಂಡರು.

"ಅತ್ತ್ಯಾರ, ಎಷ್ಟು ದಿವಸದಿಂದ ನಡದದ ಇದು?"

"ನೀ ಬಂದಾಗಿನಿಂದ," ಎಂದರು ತಗ್ಗಿದ ದನಿಯಲ್ಲಿ. "ಎರಡು ಚಿಟಿಕಿ ಹಾಕಿ ಹೋಗತೀ. ಅಷ್ಟರಾಗ ಯಾರ ಹೊಟ್ಟಿ ತುಂಬತದ? ತವರಿನಿಂದ ನಿನ್ನ ಸಂಗಾತ ಬಂದ ಜೀವ. ನಮ್ಮನ್ಯಾಗ ಹಸದು ಕುಂತ್ರ ನಿಮ್ಮವ್ವ ಏನಂದಾಳು? ಮೊದಲ ಬೆಲ್ಲಾ, ಹಾಲು ಹಾಕಿ ಕೊಡತಿದ್ದೆ. ಬೆಲ್ಲದ್ಲಿಂದ ಹುಳ ಆದ್ವು. ನನ್ನಿಂದನ ಆತು ಸುಧಾ, ನಿನ್ನ ಮೀನ ನಾನ ಕೊಂದೆ." ಹಾಗೆಂದು ಅತ್ತುಬಿಟ್ಟರು.

ಆ ಹೊತ್ತಿನಲ್ಲಿ ನನಗೆ ಅವರ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಶಾವಿಗೆ ಮೆತ್ತಿದ ಆ ಮಡಿಲಿನಲ್ಲೇ ತಲೆ ಇಟ್ಟು ನಾನೂ ಅತ್ತೆ, ನಕ್ಕೆ, ಮತ್ತೆ ಅತ್ತೆ. ಹುಳವೂ ಇಲ್ಲ ಗಿಳವೂ ಇಲ್ಲ, ಅದು ನಮ್ಮದೇ ಮಾಳಿಗೆಯ ಮೇಲೆ ಒಣಗಿದ ಶಾವಿಗೆ ಎಂದು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು. ಸಂಜೆ ಇವರು ದವಾಖಾನೆಗೆ ಹೋಗಿ ವಿಷಯ ಹೇಳಿದಾಗ ಡಾಕ್ಟರು ಈ ಸಲ ಮುಖ ಆಚೆ ಮಾಡಲಿಲ್ಲವಂತೆ, ಮೇಜು ಹಿಡಿದುಕೊಂಡು ನಕ್ಕರಂತೆ. ಎರಡು ದಿನ ಉಪವಾಸ ಕೆಡವಿ, ನೀರು ಬದಲಿಸಿ, ಆಮೇಲೆ ಎರಡೇ ಚಿಟಿಕೆ ಕಾಳು, ಶಾವಿಗೆ ವರ್ಜ್ಯ ಎಂದು ಹೇಳಿ ಕಳಿಸಿದರು.

ಉಪವಾಸವೆಂದರೆ ಅತ್ತೆಗೆ ಹೊಸದೇನಲ್ಲ. ಏಕಾದಶಿ ಮಾಡುವವರು. ಮೀನಿಗೂ ಒಂದು ವ್ರತವೆಂದು ಮನಸ್ಸು ಗಟ್ಟಿ ಮಾಡಿಕೊಂಡರು. ಅಣ್ಣ ಬಂದ. ನಾನು ಗಂಗಿಯನ್ನು ಅತ್ತೆಯ ಕೈಗೊಪ್ಪಿಸಿ ನಿಶ್ಚಿಂತೆಯಿಂದ ರಾಮದುರ್ಗದ ಬಸ್ಸು ಹತ್ತಿದೆ. ಕಟ್ಟಿಗೆ ಗೂಡಿನ ಪೊಟ್ಟಣವನ್ನು ಅವರೇ ಒಳಗೆ ತಂದು, ದೇವರ ಕೋಣೆ ಬಿಟ್ಟು ಎಲ್ಲಾದರೂ ಇಡಬಹುದೆಂದು ಹೇಳಿದರು.

ತವರಿನಲ್ಲಿ ಫೋನಿದ್ದದ್ದು ಎದುರುಮನೆಯಲ್ಲಿ. ಮೂರನೆಯ ದಿನ ಕರೆ ಬಂತು. ಅತ್ತೆ ಫೋನಿನಲ್ಲಿ ಮಾತಾಡಿದರೆ ಫೋನಿಲ್ಲದೆಯೂ ರಾಮದುರ್ಗಕ್ಕೆ ಕೇಳಿಸುವಂತಿರುತ್ತಿತ್ತು. "ಸುಧಾ! ಮುಂಜಾನೆ ಛಲೋ ಹೊರಕಡೆ ಆತು! ಬಿಳೀದಲ್ಲ, ಕಪ್ಪ ಆಗೇದ! ಹೊಟ್ಟಿ ಇಳದದ!" ಎಂದು ಕೂಗಿದರು. ಎದುರುಮನೆಯ ಅಜ್ಜಿ ಕಣ್ಣರಳಿಸಿ, "ಯಾರಿಗವಾ, ನಿಮ್ಮ ಮಾವನೋರಿಗೇನು?" ಎಂದು ಕೇಳಿದಳು.

ಪಂಚಮಿ ಆಯಿತು. ಜೋಕಾಲಿ ಆಡಿದೆ, ಉಂಡಿ ತಿಂದೆ. ಅವ್ವ ಶ್ರಾವಣ ಮುಗಿಸಿಕೊಂಡು ಹೋಗೆಂದಳು. ನಾನೂ ಹೂಂ ಅಂದಿದ್ದೆ. ಆಗ ಮತ್ತೆ ಫೋನು ಬಂತು. ಈ ಸಲ ಅತ್ತೆಯ ದನಿ ಮೆತ್ತಗಿತ್ತು.

"ಸುಧಾ, ಅದು ಉಣವಲ್ಲದವಾ. ಸುಮ್ಮನ ಒಂದ ಮೂಲ್ಯಾಗ ನಿಂದರತದ. ಬಾಗಿಲದ ಕಡೆ ನೋಡತದ. ಅದಕ್ಕ ಬ್ಯಾಸರಾಗೇದ. ಯಾವಾಗ ಬರತೀ?"

ಮತ್ತೆ ದಾರ ಕಾಣಿಸಿತೇ, ಹೊಟ್ಟೆ ಉಬ್ಬಿತೇ ಎಂದು ಒಂದೇ ಸಮನೆ ಕೇಳತೊಡಗಿದೆ. ಆ ಕಡೆ ಏನೋ ಗುಸುಗುಸು ನಡೆದು, ಫೋನು ಮಾವನ ಕೈಗೆ ಹೋಯಿತು.

"ಏನೂ ಗಾಬರಿ ಆಗಬ್ಯಾಡವಾ," ಎಂದರು ಮಾವ. "ಮೀನ ಛಲೋ ಉಣ್ಣಲಿಕ್ಕತ್ತದ. ಉಣವಲ್ಲಾಕಿ ನಿಮ್ಮತ್ತಿ."

ಮರುದಿನ ಮೊದಲ ಬಸ್ಸಿಗೆ ಹೊರಟೆ. ಸವದತ್ತಿ ತಲುಪಿದಾಗ ಊಟದ ಹೊತ್ತು ಮೀರಿತ್ತು. ಅತ್ತೆ ಕಿಟಕಿಯ ಪಕ್ಕ ಕುಳಿತು ಹೂಬತ್ತಿ ಹೊಸೆಯುತ್ತಿದ್ದರು. ಗಂಗಿ ಅವರ ಬೆರಳುಗಳನ್ನೇ ನೋಡುತ್ತ ಗಾಜಿನ ಆ ಬದಿ ತೇಲುತ್ತಿತ್ತು. ನನ್ನ ಚೀಲದ ಸಪ್ಪಳಕ್ಕೂ ಅತ್ತೆ ತಲೆ ಎತ್ತಲಿಲ್ಲ.

"ಮೀನಿನ ಸಲುವಾಗಿ ಬಂದೀಯೇನು?" ಎಂದರು.

"ಹೂಂರಿ ಅತ್ತ್ಯಾರ," ಎಂದೆ.

"ಅದರ ಊಟ ಆಗೇದ. ಕೈಕಾಲ ತೊಳಕೊಂಡು ಎಲಿ ಹಾಕು. ನಮ್ಮಿಬ್ಬರದು ಬಾಕಿ ಅದ."